ಗಣಕಯಂತ್ರದ ಸ್ಮೃತಿಲೆಕ್ಕ

ಗಣಕಯಂತ್ರವೊಂದನ್ನು ಕೊಂಡವನು ಮಾರಾಟದ ಚೀಟಿಯಲ್ಲಿ 4 ಗಿಗಾಬೈಟ್ ಸ್ಮೃತಿಯೆಂದು ಓದಿ, ಮನೆಗೆ ಬಂದು ನೋಡಿದಾಗ ಪರದೆಯ ಮೇಲೆ 3.25 ಎಂಬ ಅಂಕಿ ಕಂಡರೆ, ಅಂಗಡಿಯವನು ಮೋಸಮಾಡಿದನೆಂದು ಕೋಪಗೊಳ್ಳುವುದು ಸಹಜವೇ. 2000ರ ದಶಕದ ಉತ್ತರಾರ್ಧದಲ್ಲಿ ಬಹುಮಂದಿಗೆ ಇಂತಹ ಅನುಭವವಾಯಿತು. ಆದರೆ ಚೀಟಿಯ ಮಾತೂ ನಿಜ, ಪರದೆಯ ಮಾತೂ ನಿಜ. ಒಂದು ಇರುವುದನ್ನು ಹೇಳುತ್ತದೆ. ಇನ್ನೊಂದು ಬಳಕೆಗೆ ಒದಗುವುದನ್ನು ಹೇಳುತ್ತದೆ.

ಸ್ಮೃತಿಯೆಂದರೆ ಯಂತ್ರವು ಕೆಲಸದ ವೇಳೆಯಲ್ಲಿ ಮಾಹಿತಿಯನ್ನು ಹಿಡಿದಿಡುವ ಸ್ಥಳ. ರ‍್ಯಾಮ್ ಎಂದು ಇದನ್ನು ಕರೆಯುತ್ತಾರೆ. ಅದು ಎಷ್ಟಿದೆಯೆಂದು ಯಂತ್ರವು ತಿಳಿಯುವ ಬಗೆ ಸ್ವಾರಸ್ಯವಾದುದು. ಹಳೆಯ ಯಂತ್ರಗಳು ವಿದ್ಯುತ್ತು ಹರಿದೊಡನೆ ಸ್ಮೃತಿಯಲ್ಲಿ ಸಂಕೇತಗಳನ್ನು ಬರೆದು, ಮರಳಿ ಓದಿ, ಪರದೆಯ ಮೇಲೆ ಎಣಿಕೆಯನ್ನು ಏರಿಸುತ್ತ ಹೋಗುತ್ತಿದ್ದವು. ಈಚಿನ ಸ್ಮೃತಿಫಲಕಗಳಲ್ಲಿಯಾದರೋ ಒಂದು ಪುಟ್ಟ ಚಿಪ್ ಇದ್ದು, ಫಲಕದ ಅಳತೆ, ವೇಗ ಮೊದಲಾದ ವಿವರಗಳನ್ನು ಅದರಲ್ಲಿ ಬರೆದಿರುತ್ತಾರೆ. ಯಂತ್ರವನ್ನು ಆರಂಭಿಸುವ ಕಾರ್ಯಕ್ರಮವು ಅದನ್ನು ಓದಿಕೊಳ್ಳುತ್ತದೆ.

ಬಳಕೆಯ ಪ್ರಶ್ನೆ ಬೇರೆ. ಒಂದು ರೋಮನ್ ಅಕ್ಷರ ಹಿಡಿಸುವಷ್ಟು ಸ್ಥಳವೇ ಒಂದು ಬೈಟ್. ಪ್ರತಿಯೊಂದು ಬೈಟಿಗೂ, ಬೀದಿಯ ಮನೆಗಳಿಗಿರುವಂತೆ, ಒಂದು ವಿಳಾಸ ಬೇಕು. ನಮ್ಮ ದೇಶದಲ್ಲಿ 1972ರಲ್ಲಿ ಜಾರಿಗೆ ಬಂದ ಪಿನ್‌ಕೋಡ್ ಆರು ಅಂಕಿಗಳದು. ಆರೇ ಅಂಕಿಗಳಿಂದ ಹತ್ತು ಲಕ್ಷಕ್ಕಿಂತ ಹೆಚ್ಚು ಸಂಖ್ಯೆಗಳನ್ನು ರಚಿಸಲಾಗದಷ್ಟೆ. ಹಾಗೆಯೇ, ಸೊನ್ನೆ ಮತ್ತು ಒಂದು ಎಂಬ ಎರಡೇ ಅಂಕಿಗಳನ್ನು 32 ಸ್ಥಾನಗಳಲ್ಲಿ ಬರೆಯುವ ಯಂತ್ರಕ್ಕೆ 429,49,67,296 ವಿಳಾಸಗಳು ಮಾತ್ರ ದೊರೆಯುತ್ತವೆ. ಸ್ಮೃತಿಯ ಗಣನೆಯಲ್ಲಿ ಸಾವಿರದ ಬದಲು 1024ರಿಂದ ಗುಣಿಸುವ ರೂಢಿಯಿರುವುದರಿಂದ ಇದೇ ಸರಿಯಾಗಿ 4 ಗಿಗಾಬೈಟ್. ಈ ವಿಳಾಸಗಳೆಲ್ಲವೂ ಸ್ಮೃತಿಗೇ ಸಲ್ಲುವಂತಿದ್ದರೆ ತಕರಾರಿರಲಿಲ್ಲ. ಚಿತ್ರ ಮೂಡಿಸುವ ಫಲಕ ಮುಂತಾದ ಉಪಕರಣಗಳಿಗೂ ಅದೇ ಸಾಲಿನಿಂದ ವಿಳಾಸ ಕೊಡಬೇಕು. ಅವು ಮೇಲ್ತುದಿಯ ವಿಳಾಸಗಳನ್ನು ಹಿಡಿದುಕೊಂಡಾಗ, ಅಷ್ಟು ಸ್ಮೃತಿಯು ಯಂತ್ರದೊಳಗೆ ಇದ್ದೂ ವಿಳಾಸವಿಲ್ಲದ ಮನೆಯಾಗಿ ಉಳಿಯುತ್ತದೆ.

ಈ ಹಂಚಿಕೆ ಹೊಸತೇನಲ್ಲ. 1981ರಲ್ಲಿ ಐಬಿಎಂ ಸಂಸ್ಥೆಯು ಹೊರತಂದ ಪಿಸಿಯಲ್ಲಿ ವಿಳಾಸಕ್ಕೆ 20 ಸ್ಥಾನಗಳಿದ್ದವು. ಒಟ್ಟು 1024 ಕಿಲೋಬೈಟ್. ಅದರಲ್ಲಿ 640 ಕಾರ್ಯಕ್ರಮಗಳಿಗೆ, ಉಳಿದ 384 ಪರದೆ ಮೊದಲಾದವುಗಳಿಗೆ. ಧಾರಾಳವೆಂದು ತೋರಿದ ಆ 640 ಕೆಲವೇ ವರ್ಷಗಳಲ್ಲಿ ಇಕ್ಕಟ್ಟಾಯಿತು.

ಮೈಕ್ರೋಸಾಫ್ಟ್ ಸಂಸ್ಥೆಯು 2008ರಲ್ಲಿ ವಿಂಡೋಸ್ ವಿಸ್ತಾವನ್ನು ಪರಿಷ್ಕರಿಸಿದಾಗ, ಬಳಕೆಗೆ ಒದಗುವ ಮೊತ್ತದ ಬದಲು ಅಳವಡಿಸಿದ ಮೊತ್ತವನ್ನೇ ಪರದೆಯಲ್ಲಿ ತೋರಿಸುವಂತೆ ಮಾಡಿತು. ಅಂಕಿಯೇನೋ 4 ಆಯಿತು. ಬಳಕೆಯ ಸ್ಮೃತಿ ಮಾತ್ರ ಅದರಿಂದ ಒಂದು ಬೈಟೂ ಹೆಚ್ಚಲಿಲ್ಲ. ಮರುವರ್ಷ ಬಂದ ವಿಂಡೋಸ್ 7 ಎರಡು ಅಂಕಿಗಳನ್ನೂ ಒಟ್ಟಿಗೆ ತೋರಿಸಿದುದು ಹೆಚ್ಚು ಪ್ರಾಮಾಣಿಕವಾದ ಕ್ರಮ.

ಇಂದಿನ 64 ಬಿಟ್ ಯಂತ್ರಗಳಿಗೆ ವಿಳಾಸದ ಬಡತನವಿಲ್ಲ. ಆದರೂ 8 ಗಿಗಾಬೈಟ್ ಇದ್ದಲ್ಲಿ 7.8ರಷ್ಟು ಮಾತ್ರ ಬಳಕೆಗೆ ಎಂದು ತೋರುವುದುಂಟು. ಚಿತ್ರ ಮೂಡಿಸುವ ಘಟಕವು ಸ್ವಂತ ಸ್ಮೃತಿಯಿಲ್ಲದೆ ಇದರಲ್ಲಿಯೇ ಒಂದು ಪಾಲನ್ನು ಪಡೆದಿರುತ್ತದೆ. ಎಂಟಿದ್ದಲ್ಲಿ ಅಳವಡಿಸಿದ ಮೊತ್ತವೇ ನಾಲ್ಕೆಂದು ಕಂಡರೆ ಮಾತ್ರ ಸಂದೇಹಕ್ಕೆ ಕಾರಣವಿದೆ. ಎರಡು ಫಲಕಗಳಲ್ಲಿ ಒಂದು ಸರಿಯಾಗಿ ಕುಳಿತಿಲ್ಲದಿರಬಹುದು. ವಿದ್ಯುತ್ ಸಂಪರ್ಕವನ್ನು ತಪ್ಪಿಸಿ, ತಿಳಿದವರಿಂದ ಅದನ್ನು ತೆಗೆಸಿ ಮತ್ತೆ ಒತ್ತಿ ಕೂರಿಸಿದರೆ ಎಷ್ಟೋ ವೇಳೆ ಲೆಕ್ಕ ಸರಿಹೋಗುತ್ತದೆ.