ಮೊಬೈಲಿನಲ್ಲಿ ನಮ್ಮದೇ ಗಡಿಯಾರ

ಗಡಿಯಾರದ ಚಿತ್ರವನ್ನು ಕಾಗದದ ಮೇಲೆ ಬರೆಯದ ವಿದ್ಯಾರ್ಥಿಗಳು ವಿರಳ. ಅದೇ ಚಿತ್ರವನ್ನು ಮೊಬೈಲಿನ ತೆರೆಯ ಮೇಲೆ ಮೂಡಿಸಿ, ಮುಳ್ಳುಗಳು ತಾವಾಗಿಯೇ ನಡೆಯುವಂತೆ ಮಾಡುವುದು ಹೇಗೆ? ಸಿದ್ಧ ಗಡಿಯಾರಗಳು ಬೇಕಾದಷ್ಟಿವೆ. ಆದರೂ ತರಗತಿಯ ಕಿರುಪರೀಕ್ಷೆಗಳಿಗಾಗಿ ದಪ್ಪ ಮುಳ್ಳುಗಳುಳ್ಳ ಗಡಿಯಾರವೊಂದನ್ನು ನಾವೇ ರಚಿಸಹೊರಟೆವು. ಆಪ್‌ನೊಳಗಣ ಇಂತಹ ಬಿಡಿಭಾಗಕ್ಕೆ ವಿಜೆಟ್ ಎಂದು ಹೆಸರು.

ಮೊದಲು ಕೋನಗಳ ಲೆಕ್ಕ. ಸೆಕೆಂಡಿನ ಮುಳ್ಳು ಸೆಕೆಂಡಿಗೆ 6 ಡಿಗ್ರಿ, ನಿಮಿಷದ ಮುಳ್ಳು ನಿಮಿಷಕ್ಕೆ 6 ಡಿಗ್ರಿ ತಿರುಗತಕ್ಕದ್ದು. ಗಂಟೆಯ ಮುಳ್ಳಿಗೆ ಗಂಟೆಗೆ 30 ಡಿಗ್ರಿ ಎಂದಷ್ಟೇ ಬರೆದರೆ, ಮೂರೂವರೆಯಾದರೂ ಅದು 3ರ ಮೇಲೆಯೇ ನಿಂತಿರುವುದು. ಆದುದರಿಂದ ಕಳೆದ ಪ್ರತಿ ನಿಮಿಷಕ್ಕೂ ಅರ್ಧ ಡಿಗ್ರಿಯನ್ನು ಕೂಡಿಸಬೇಕು. ಆಗ ಮೂರೂವರೆಗೆ 90 + 15, ಅಂದರೆ 105 ಡಿಗ್ರಿ.

ಇನ್ನು ಮುಳ್ಳಿನ ತುದಿಯ ಸ್ಥಾನ. ಕೋನವನ್ನು 12ರಿಂದ ಬಲಸುತ್ತಾಗಿ ಅಳೆದರೆ, ಮುಳ್ಳಿನ ಉದ್ದವನ್ನು ಕೋನದ ಸೈನಿನಿಂದ ಗುಣಿಸಿದಷ್ಟು ಕೇಂದ್ರದಿಂದ ಬಲಕ್ಕೆ, ಕೊಸೈನಿನಿಂದ ಗುಣಿಸಿದಷ್ಟು ಮೇಲಕ್ಕೆ ಸಾಗಬೇಕು. ಗ್ರಾಫ್ ಹಾಳೆಗೂ ಮೊಬೈಲಿನ ತೆರೆಗೂ ಇಲ್ಲಿ ಒಂದು ಭೇದವುಂಟು: ತೆರೆಯ ಮೂಲಬಿಂದು ಎಡ ಮೇಲ್ತುದಿಯಲ್ಲಿದ್ದು, ಅಳತೆ ಕೆಳಮುಖವಾಗಿ ಬೆಳೆಯುತ್ತದೆ. ಆದುದರಿಂದ ಮೇಲಕ್ಕೆ ಸಾಗುವುದೆಂದರೆ ಕಳೆಯುವುದು. ಆ ಋಣಚಿಹ್ನೆಯನ್ನು ಮರೆತರೆ 12ರಲ್ಲಿರಬೇಕಾದ ಮುಳ್ಳು 6ರಲ್ಲಿ ನೇತಾಡುವುದು. ಕೇಂದ್ರ (150, 150), ಮುಳ್ಳಿನ ಉದ್ದ 100 ಆದರೆ, ಮೂರೂವರೆಗೆ ಗಂಟೆಯ ಮುಳ್ಳಿನ ತುದಿ ಸುಮಾರು (247, 176). ವಾಚಕರು ತಾವೇ ಲೆಕ್ಕಹಾಕಿ ನೋಡಬಹುದು.

ಚಿತ್ರವೇನೋ ಸೊಗಸಾಗಿ ಬಂದಿತು. ಅದನ್ನು ನಡೆಸುವಲ್ಲಿ ಎಡವಿದೆವು. ಒಂದು ಸೆಕೆಂಡು ಕಾದು, ಮುಳ್ಳನ್ನು 6 ಡಿಗ್ರಿ ಮುಂದಕ್ಕೆ ದೂಡಿ, ಪುನಃ ಕಾಯತಕ್ಕದ್ದೆಂದು ಪ್ರೋಗ್ರಾಮು ಬರೆದಿದ್ದೆವು. 40 ನಿಮಿಷಗಳ ಪರೀಕ್ಷೆಯೊಂದರಲ್ಲಿ ಆಗಾಗ ತೆರೆಯನ್ನು ಬೆಳಗಿಸಿ, ಉಳಿದ ಹೊತ್ತನ್ನು ಸಾರುತ್ತಿದ್ದೆವು. "ಇನ್ನೂ ಎಂಟು ನಿಮಿಷಗಳಿವೆ" ಎಂದ ಮರುಕ್ಷಣವೇ ಕಾಲೇಜಿನ ಗಂಟೆ ಬಾರಿಸಿತು! ನಮ್ಮ ಮಾತನ್ನು ನಂಬಿ ಕೊನೆಯ ಲೆಕ್ಕವನ್ನು ಉಳಿಸಿಕೊಂಡಿದ್ದವರ ಮುಖ ನೋಡಲು ನಮಗೆ ಧೈರ್ಯ ಸಾಲಲಿಲ್ಲ.

ಕಾರಣವಿಷ್ಟೆ. ತೆರೆ ಆರಿದಾಗ ಬ್ಯಾಟರಿಯನ್ನು ಉಳಿಸಲೋಸುಗ ಮೊಬೈಲು ಪ್ರೋಗ್ರಾಮನ್ನು ಮಲಗಿಸಿಬಿಡುತ್ತದೆ. ಎಚ್ಚರವಿರುವಾಗಲೂ "ಒಂದು ಸೆಕೆಂಡು ಕಾಯಿ" ಎಂಬ ಆಜ್ಞೆಗೆ "ಕನಿಷ್ಠಪಕ್ಷ ಒಂದು ಸೆಕೆಂಡು" ಎಂದೇ ಅರ್ಥ. ಪ್ರತಿ ಸಲವೂ 10 ಮಿಲಿಸೆಕೆಂಡು ತಡವಾಯಿತೆಂದರೆ ಗಂಟೆಗೆ ಸುಮಾರು 36 ಸೆಕೆಂಡು ಹಿಂದೆ ಬಿದ್ದಂತೆಯೇ ಸರಿ.

ಆದುದರಿಂದ ಮುಳ್ಳನ್ನು ದೂಡಲೇಬಾರದು. ಚಿತ್ರ ಬರೆಯುವಾಗಲೆಲ್ಲ "ಈಗ ಹೊತ್ತೆಷ್ಟು?" ಎಂದು ಮೊಬೈಲನ್ನು ಕೇಳಿ, ಮೂರು ಕೋನಗಳನ್ನೂ ಹೊಸದಾಗಿ ಗಣಿಸಬೇಕು. ಹೊತ್ತನ್ನು ಕಾಯುವ ಕೆಲಸಕ್ಕೆ ಸೆಕೆಂಡಿಗೆ 32,768 ಸಲ ಕಂಪಿಸುವ ಕ್ವಾರ್ಟ್ಸ್ ಹರಳು ಒಳಗಿದ್ದು, ತೆರೆ ಆರಿದಾಗಲೂ ದುಡಿಯುತ್ತಿರುತ್ತದೆ. ಆ ಸಂಖ್ಯೆಯನ್ನು 15 ಸಲ ಅರ್ಧಿಸಿದರೆ ಸರಿಯಾಗಿ 1 ಬರುವುದು.

ಈಗ ತೆರೆಯನ್ನು ಬೆಳಗಿಸಿದೊಡನೆ ಮುಳ್ಳುಗಳು ಒಂದೇ ನೆಗೆತಕ್ಕೆ ತಮ್ಮ ಸ್ಥಾನವನ್ನು ಸೇರುತ್ತವೆ. ಅಂದಿನ ಪರೀಕ್ಷೆಯ ಕೊನೆಯ ಲೆಕ್ಕದ ಅಂಕಗಳನ್ನು ಕೈಬಿಟ್ಟೆವು. ಅದನ್ನು ಆಗಲೇ ಬಿಡಿಸಿದ್ದ ಇಬ್ಬರು ಮಾತ್ರ ನಮ್ಮೊಡನೆ ವಾದಕ್ಕೆ ನಿಂತರು. ಅವರ ಮಾತೂ ನ್ಯಾಯವೇ.