ಅಕ್ಕಿ ಮೂಟೆಯ ದಾರ, ನರಸಾಪುರದ ಲೇಸು

25 ಕಿಲೋ ಅಕ್ಕಿ ಮೂಟೆಯ ಬಾಯಿ ಬಿಚ್ಚುವಾಗ ಸರಿಯಾದ ತುದಿ ಸಿಕ್ಕಿತೆಂದರೆ ದಾರ ಸರ್ರನೆ ಕಳಚಿ ಬರುತ್ತದೆ. ತಪ್ಪು ತುದಿ ಹಿಡಿದರೆ ಎಷ್ಟೆಳೆದರೂ ಬಿಗಿಯುತ್ತದೆ, ಕೊನೆಗೆ ಕತ್ತರಿಯೇ ಗತಿ. ಅದು ಸರಪಳಿ ಹೊಲಿಗೆ. ಯಂತ್ರದ ಸೂಜಿ ಇಳಿದಾಗ ಕೆಳಗೊಂದು ಕುಣಿಕೆ ಬೀಳುತ್ತದೆ. ಮತ್ತೆ ಇಳಿದಾಗ ಹೊಸ ಕುಣಿಕೆ ಹಳೆಯದರೊಳಗೆ ತೂರಿಕೊಳ್ಳುತ್ತದೆ. ಹೀಗೆ ಪ್ರತಿ ಕುಣಿಕೆಯನ್ನೂ ಅದರ ಮುಂದಿನದು ಹಿಡಿದಿರುತ್ತದೆ, ಕಟ್ಟಕಡೆಯದನ್ನು ಹಿಡಿಯಲು ಮಾತ್ರ ಯಾರೂ ಇಲ್ಲ.

ಕ್ರೋಶಾ ಹೆಣಿಗೆಯ ಮರ್ಮವೂ ಇಷ್ಟೇ. ಹೆಣೆದದ್ದೆಲ್ಲ ಬಂದೋಬಸ್ತಾಗಿದ್ದರೂ ಕೊಕ್ಕೆಯಲ್ಲಿರುವ ಒಂದೇ ಒಂದು ಕುಣಿಕೆ ಅನಾಥ. ಚೀಲದೊಳಗೆ ಕೊಕ್ಕೆ ಜಾರಿ, ದಾರ ಯಾವುದಕ್ಕೋ ಸಿಕ್ಕಿ ಎಳೆಯಿತೆಂದರೆ ಮಧ್ಯಾಹ್ನವೆಲ್ಲ ಕೂತು ಹೆಣೆದ ಹೂವು ಮತ್ತೆ ದಾರವಾಗುತ್ತದೆ. ಆದ್ದರಿಂದ ಕ್ರೋಶಾ ಸಾಮಾನಿಗೆ ಚೀಲ ಆರಿಸುವವರು ಅದು ಎಷ್ಟು ಭಾರ ಹೊರುತ್ತದೆ ಎಂದು ಕೇಳುವುದಕ್ಕಿಂತ ಒಳಗೆ ಏನೇನು ದಾರವನ್ನು ಹಿಡಿದೆಳೆಯಬಹುದು ಎಂದು ನೋಡಬೇಕು. ನಾಲ್ಕು ನೂಲಿನ ಉಂಡೆ, ಒಂದು ಕತ್ತರಿ, ಕೆಲವು ಕೊಕ್ಕೆ ಕಡ್ಡಿ: ಎಲ್ಲ ಸೇರಿದರೂ ಕಿಲೋ ದಾಟುವುದು ಅಪರೂಪ.

ಹೊಲಿಗೆ ಯಂತ್ರ ಹುಟ್ಟಿದ್ದೇ ಈ ಕೊಕ್ಕೆಯಿಂದ ಎನ್ನಬಹುದು. ಫ್ರಾನ್ಸಿನ ದರ್ಜಿ ಬಾರ್ತೆಲಮಿ ತಿಮೊನಿಯೆ 1830ರಲ್ಲಿ ಪೇಟೆಂಟ್ ಪಡೆದ ಯಂತ್ರದ ಸೂಜಿಗೆ ತುದಿಯಲ್ಲಿ ಕೊಕ್ಕೆಯಿತ್ತು. ಅದು ಒಂದೇ ದಾರದಲ್ಲಿ ಸರಪಳಿ ಹಾಕುತ್ತಿತ್ತು. ಅದರಲ್ಲಿ ಸೈನಿಕರ ಸಮವಸ್ತ್ರ ಹೊಲಿಯತೊಡಗಿದಾಗ ಪ್ಯಾರಿಸಿನ ದರ್ಜಿಗಳು ಕೆಲಸ ಹೋಗುತ್ತದೆಂದು ನುಗ್ಗಿ ಯಂತ್ರಗಳನ್ನು ಪುಡಿಮಾಡಿದರು. ಎಲಿಯಾಸ್ ಹೋವ್ 1846ರಲ್ಲಿ ಪೇಟೆಂಟ್ ಪಡೆದ ಯಂತ್ರದ ದಾರಿಯೇ ಬೇರೆ: ಮೇಲಿನ ದಾರ, ಕೆಳಗಿನ ದಾರ ಬಟ್ಟೆಯ ನಡುವೆ ಒಂದನ್ನೊಂದು ಸುತ್ತಿ ಬೀಗ ಹಾಕಿಕೊಳ್ಳುತ್ತವೆ. ಒಂದು ಕಡೆ ಕಿತ್ತರೂ ಸಾಲೆಲ್ಲ ಓಡುವುದಿಲ್ಲ. ನಮ್ಮ ಮನೆಗಳ ಬಾಬಿನ್ ಹಾಕುವ ಯಂತ್ರ ಇದೇ ವಂಶದ್ದು.

ಅಂಗಡಿಯಲ್ಲಿ ಚೀಲವನ್ನು ಒಳಮಗ್ಗುಲು ಹೊರಗೆ ಮಾಡಿ ನೋಡಿ. ಹಿಡಿಕೆ ಕೂಡುವಲ್ಲಿ ಎರಡೂ ಬದಿ ಒಂದೇ ಥರದ ಗೀಟು ಹೊಲಿಗೆ ಕಂಡರೆ ಬೀಗದ ಹೊಲಿಗೆ. ಒಂದು ಬದಿ ಗೀಟು, ಇನ್ನೊಂದು ಬದಿ ಕುಣಿಕೆಗಳ ಸಾಲು ಕಂಡರೆ ಅಕ್ಕಿ ಮೂಟೆಯ ತಂಗಿ ಎಂದು ತಿಳಿಯಬಹುದು. ಬಾಬಿನ್ ಬದಲಿಸುವ ಗೋಜಿಲ್ಲದ ಕಾರಣ ಮೂಟೆಯ ಬಾಯಿಗೆ ಅದು ಸರಿ. ದಿನಾ ಹೆಗಲಿಗೇರುವ ಹಿಡಿಕೆಗೆ ಬೇಡ.

ಇಷ್ಟು ಸರಳವಾದ ಕೊಕ್ಕೆಯ ಕೆಲಸಕ್ಕೆ ಇಂದಿಗೂ ಮಾರುಕಟ್ಟೆಯಲ್ಲಿ ಯಂತ್ರವಿಲ್ಲ ಎಂಬುದು ನನಗೆ ಎಲ್ಲಕ್ಕಿಂತ ಸೋಜಿಗ. ವಿಲಿಯಂ ಲೀ 1589ರಲ್ಲೇ ಕಾಲುಚೀಲ ಹೆಣೆಯುವ ಯಂತ್ರ ಮಾಡಿದ್ದ. ಅಲ್ಲಿ ಪ್ರತಿ ಕುಣಿಕೆಗೂ ಒಂದು ಸೂಜಿ ಕಾವಲಿರುತ್ತದೆ, ಕುಣಿಕೆ ಎಲ್ಲಿದೆ ಎಂದು ಯಂತ್ರ ಹುಡುಕಬೇಕಾಗಿಲ್ಲ. ಕ್ರೋಶಾದಲ್ಲಿ ಹಾಗಲ್ಲ. ಕೊಕ್ಕೆ ಹೆಣೆದು ಮುಗಿದ ಭಾಗಕ್ಕೇ ಮರಳಿ, ಮೆತ್ತಗೆ ಬಾಗುವ ಆ ಲೇಸಿನಲ್ಲಿ ಸರಿಯಾದ ಕಿಂಡಿ ಕಂಡು ಚುಚ್ಚಬೇಕು. ಬೆರಳು ಇದನ್ನು ನೋಡದೆಯೇ ಮಾಡುತ್ತದೆ. ಜರ್ಮನಿಯ ಪ್ರಯೋಗಾಲಯದಲ್ಲಿ ಮಾದರಿ ಯಂತ್ರ ತಯಾರಾಗಿದೆ, ಆದರೆ ಕಾರ್ಖಾನೆಯಲ್ಲಿ ಕ್ರೋಶಾ ಎಂದು ತಯಾರಾಗುವ ಪಟ್ಟಿಗಳು ಬೇರೊಂದು ಬಗೆಯ ನಿಟ್ಟಿಂಗ್.

ಅಂದಮೇಲೆ ಅಸಲಿ ಕ್ರೋಶಾ ಲೇಸಿನ ಹಿಂದೆ ಯಾರದೋ ಕೈ ಇದ್ದೇ ಇರುತ್ತದೆ. ಆಂಧ್ರದಲ್ಲಿ ವಿಜಯವಾಡ, ವಿಶಾಖಪಟ್ಟಣಗಳ ನಡುವಿನ ಪಶ್ಚಿಮ ಗೋದಾವರಿ ಜಿಲ್ಲೆಯಲ್ಲಿ ಆ ಕೈಗಳು ಬಹಳ. ಸ್ಕಾಟ್ಲೆಂಡಿನ ಮಿಷನರಿಗಳು 19ನೇ ಶತಮಾನದಲ್ಲಿ ನರಸಾಪುರದಲ್ಲಿ ಕಲಿಸಿದ ಈ ಕಸುಬಿಗೆ 2024ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಸಿಕ್ಕಿತು. ಸಮಾಜವಿಜ್ಞಾನಿ ಮರಿಯಾ ಮೀಸ್ 1982ರಲ್ಲಿ ಇಲ್ಲಿನ ಲೇಸು ಹೆಣೆಯುವವರ ಬಗ್ಗೆಯೇ ಪುಸ್ತಕ ಬರೆದರು. ಹೊರದೇಶಕ್ಕೆ ಹೋಗುವ ಸರಕು ಮಾಡುವ ಹೆಂಗಸರನ್ನು ‘ಬಿಡುವಿನಲ್ಲಿ ಕೂತ ಗೃಹಿಣಿಯರು’ ಎಂದೇ ಲೆಕ್ಕ ಹಿಡಿದದ್ದರಿಂದ ಕೂಲಿ ಹೇಗೆ ಕಮ್ಮಿಯಾಯಿತು ಎಂದು ತೋರಿಸಿದರು. ಮನೆಗೆಲಸದ ನಡುವೆ ಎತ್ತಿಕೊಂಡು, ಇಟ್ಟು, ಮತ್ತೆ ಎತ್ತಿಕೊಳ್ಳುವ ಕೆಲಸವಿದು. ಇಡುವಾಗಲೆಲ್ಲ ಆ ಒಂಟಿ ಕುಣಿಕೆಗೆ ಕಾವಲು ಬೇಕು, ಅದಕ್ಕೊಂದು ಸೇಫ್ಟಿ ಪಿನ್ ಸಾಕು.

ಇನ್ನು ಚೀಲದ ಬಟ್ಟೆ. ಈ ಸೀಮೆಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಸೆಣಬು. ಏಲೂರು, ವಿಜಯನಗರಗಳಲ್ಲಿ ಸೆಣಬಿನ ಗಿರಣಿಗಳು ಹಳೆಯವು. ನೋಡಲು ಚೆಂದ, ಆದರೆ ಬಿಳಿ ಲೇಸಿಗೆ ಆಗಿಬರುವುದಿಲ್ಲ. ಸೆಣಬಿನಲ್ಲಿ ಮರದಲ್ಲಿರುವ ಲಿಗ್ನಿನ್ ಇರುವುದರಿಂದ ನಾರು ಬಿರುಸು, ಮುರಿದು ಉದುರುತ್ತದೆ, ಉದುರಿದ ಚೂರು ಲೇಸಿನ ಕಿಂಡಿಗಳಲ್ಲಿ ಕೂರುತ್ತದೆ. ಗಿರಣಿಯಲ್ಲಿ ನಾರು ಮೆತ್ತಗಾಗಲೆಂದು ಎಣ್ಣೆ ಬೆರೆಸಿದ ನೀರು ಸಿಂಪಡಿಸುತ್ತಾರೆ. ಗೋಣಿಯ ಆ ವಾಸನೆಯಲ್ಲಿ ಅದರದ್ದೂ ಪಾಲಿದೆ. ಸೆಣಬೇ ಬೇಕೆಂದರೆ ಒಳಗೆ ನುಣುಪಾದ ಹತ್ತಿ ಲೈನಿಂಗ್ ಇರಲಿ, ಅದೂ ತಿಳಿಬಣ್ಣದ್ದು. ಸಣ್ಣ ಕಡ್ಡಿ ಬಿದ್ದರೆ ಕಾಣಬೇಕಲ್ಲ. ಬಟ್ಟೆ ಅಂಗಡಿಗಳು ಕೊಡುವ ನಾನ್ ವೋವನ್ ಚೀಲ ನೇಯ್ದದ್ದಲ್ಲ, ಪಾಲಿಪ್ರೊಪಿಲೀನ್ ಎಳೆಗಳನ್ನು ಬಿಸಿಯಿಂದ ಅಂಟಿಸಿದ್ದು. 2021ರ ನಿಯಮದಂತೆ ಅದು ಚದರ ಮೀಟರಿಗೆ 60 ಗ್ರಾಮಿಗಿಂತ ಕಡಿಮೆ ತೂಗುವಂತಿಲ್ಲ. ಬಿಸಿಲು ಕಂಡಷ್ಟೂ ಅದು ಪುಡಿಯಾಗುತ್ತದೆ. ನನ್ನ ಮತವೇನಿದ್ದರೂ ಚದರ ಮೀಟರಿಗೆ 300 ಗ್ರಾಮಿನ ಆಸುಪಾಸು ತೂಗುವ ಹತ್ತಿ ಕ್ಯಾನ್ವಾಸಿಗೆ.

ವೆಲ್ಕ್ರೋ ಇರುವ ಚೀಲವನ್ನು ಮುಟ್ಟಲೇಬೇಡಿ. ಸ್ವಿಸ್ ಎಂಜಿನಿಯರ್ ಜಾರ್ಜ್ ದ ಮೆಸ್ತ್ರಾಲ್‌ಗೆ ಅದು ಹೊಳೆದದ್ದು ನಮ್ಮ ಉತ್ತರಾಣಿಯಂತೆ ಮೈಗಂಟುವ ಬೀಜದಿಂದ. ನೂರಾರು ಕೊಕ್ಕೆಗಳು ಕುಣಿಕೆಗಾಗಿ ಕಾದಿರುವ ಪಟ್ಟಿ ಅದು, ಲೇಸಾದರೋ ಬರೀ ಕುಣಿಕೆ. ಜಿಪ್ಪೂ ಕಚ್ಚುತ್ತದೆ. ಲಾಡಿ ಎಳೆದು ಕಟ್ಟುವ ಸಣ್ಣ ಚೀಲವೊಂದನ್ನು ಒಳಗಿಟ್ಟು, ಉಂಡೆಯನ್ನು ಅದರಲ್ಲಿ ಹಾಕಿ, ದಾರವನ್ನಷ್ಟೇ ಬಾಯಿಂದ ಹೊರಗೆ ಬಿಟ್ಟರೆ ರತ್ನಾಚಲ್ ಎಕ್ಸ್‌ಪ್ರೆಸ್ಸಿನಲ್ಲಿ ವಿಜಯವಾಡದಿಂದ ವಿಶಾಖಪಟ್ಟಣದವರೆಗಿನ ಸುಮಾರು 350 ಕಿಲೋಮೀಟರೂ ಉಂಡೆ ಸೀಟಿನಡಿ ಉರುಳುವುದಿಲ್ಲ.

ವಿಶಾಖಪಟ್ಟಣದಲ್ಲಿ ಇನ್ನೊಂದು ಕಾಟವಿದೆ, ಕಡಲ ಗಾಳಿ. ಸಣ್ಣ ದಾರಕ್ಕೆ ಅಲ್ಯೂಮಿನಿಯಂ ಕಡ್ಡಿ ಬಾಗುತ್ತದೆ, ಉಕ್ಕಿನದೇ ಬೇಕು. ಮೇಲಿನ ಲೇಪ ಸವೆದ ತುದಿಗೆ ಉಪ್ಪುತೇವ ತಗುಲಿದರೆ ತುಕ್ಕು, ತುಕ್ಕಿನ ಕಲೆ ಸೋಪಿಗೆ ಜಗ್ಗುವುದಿಲ್ಲ. ವ್ಯಾಪಾರದ ಲೆಕ್ಕದಲ್ಲಿ ಹತ್ತಿ ಶೇ. 8.5ರಷ್ಟು ತೇವ ಹಿಡಿದರೆ ಸೆಣಬು ಶೇ. 13.75ರಷ್ಟು ಹಿಡಿಯುತ್ತದೆ. ಆದ್ದರಿಂದ ಕಡ್ಡಿಗಳನ್ನು ಚೀಲದ ಜೇಬಿಗೆ ಹಾಗೆಯೇ ಸಿಕ್ಕಿಸುವ ಬದಲು ಮುಚ್ಚಳ ಬಿಗಿಯಾಗಿ ಕೂರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿಡಿ.