ಟೊಂಕ ನೋವು: ಅಂಜಿಕೆ ಬೇಡ, ಅಲಕ್ಷ್ಯವೂ ಬೇಡ

ಹಿಂಗಾರಿ ಜೋಳ ಕೀಳುವ ಸುಗ್ಗಿ ಬಂತೆಂದರೆ ಜತ್ತ, ಅಕ್ಕಲಕೋಟೆ ಭಾಗದ ನಮ್ಮ ಹಳ್ಳಿಗಳಲ್ಲಿ ಟೊಂಕ ಹಿಡಿಯದ ಮನೆ ಅಪರೂಪ. ದಿನವಿಡೀ ಬಗ್ಗಿ ದಂಟು ಕೀಳುವುದು, 16 ಲೀಟರಿನ ಪಂಪು ಬೆನ್ನಿಗೇರಿಸಿ ದ್ರಾಕ್ಷಿ, ದಾಳಿಂಬೆಗೆ ಔಷಧ ಹೊಡೆಯುವುದು, 45 ಕಿಲೋ ಯೂರಿಯಾ ಚೀಲವನ್ನು ಒಬ್ಬರೇ ಎತ್ತುವುದು, ಇವೆಲ್ಲದರ ಭಾರ ಬೀಳುವುದು ಟೊಂಕದ ಮೇಲೆಯೇ. ಆದರೆ ನೋವಿಗಿಂತ ಅಂಜಿಕೆಯೇ ದೊಡ್ಡದು. ‘ಗಾದಿ ಸರಿದಿದೆ’ ಎಂಬ ಮಾತು ಕಿವಿಗೆ ಬಿದ್ದೊಡನೆ ಹೊಲ ಒತ್ತೆಯಿಡುವ ವಿಚಾರ ಮಾಡುವವರನ್ನು ನಾವು ಕಂಡಿದ್ದೇವೆ.

ಈ ಗಾದಿ ಎಂದರೇನು? ಬೆನ್ನೆಲುಬು ಮಣಿಗಳ ಸಾಲು. ಟೊಂಕದಲ್ಲಿ ಅಂಥ 5 ಮಣಿಗಳಿವೆ. ಮಣಿಗಳ ನಡುವಿನ ಗಾದಿಗೆ ವೈದ್ಯರು ಡಿಸ್ಕ್ ಎನ್ನುತ್ತಾರೆ. ಕರಿಗಡಬಿನಂತೆ ಅದಕ್ಕೆ ಹೊರಗೆ ಗಟ್ಟಿ ಪದರು, ಒಳಗೆ ಮೆತ್ತನೆಯ ತಿರುಳು. ಗಾದಿ ಇಡಿಯಾಗಿ ಸರಿಯುವುದಿಲ್ಲ. ಪದರು ಸೀಳಿ ತಿರುಳು ಹೊರಚಾಚಿ ನರವನ್ನು ಒತ್ತಿದರೆ, ನೋವು ಕುಂಡಿಯಿಂದ ಪಾದದವರೆಗೂ ಇಳಿಯುತ್ತದೆ. 1934ರಲ್ಲಿ ಅಮೇರಿಕೆಯ ಬೋಸ್ಟನ್ನಿನ ಮಿಕ್ಸ್ಟರ್ ಮತ್ತು ಬಾರ್ ಎಂಬ ವೈದ್ಯರು ಇದನ್ನು ವಿವರಿಸಿ ಪ್ರಕಟಿಸಿದರು.

ಎಲ್ಲ ಟೊಂಕ ನೋವಿಗೂ ಗಾದಿಯೇ ಕಾರಣವಲ್ಲ. ಯಾವ ನೋವೂ ಇಲ್ಲದ 50 ವರುಷದವರ ಚಿತ್ರ ತೆಗೆದರೂ 100ಕ್ಕೆ ಸುಮಾರು 60 ಜನರಲ್ಲಿ ಗಾದಿ ಉಬ್ಬಿರುವುದೆಂದು 2015ರ ಒಂದು ಸಮೀಕ್ಷೆ ತೋರಿಸಿತು. ತಲೆಗೂದಲು ನರೆತಂತೆ ಗಾದಿಯೂ ಸವೆಯುತ್ತದೆ. ಆದುದರಿಂದ ಎಂ.ಆರ್.ಐ. ಚಿತ್ರವೊಂದನ್ನೇ ನೋಡಿ ಗಾಬರಿಯಾಗಬಾರದು.

ಹಾಗಾದರೆ ಮಾಡಬೇಕಾದುದೇನು? ನೋವು ಬಹಳವಿದ್ದರೆ ಒಂದೆರಡು ದಿನ ಮಲಗಿರಿ. ಆಮೇಲೆ ಎದ್ದು ಮೆಲ್ಲಗೆ ತಿರುಗಾಡಿರಿ. ವಾರಗಟ್ಟಲೆ ಮಲಗಿದರೆ ಟೊಂಕದ ಬಲವೇ ಕುಗ್ಗುತ್ತದೆ. ಬಿಸಿ ಕಾವು ಕೊಡಬಹುದು. ಅಂಗಡಿಯಿಂದ ನೋವಿನ ಗುಳಿಗೆ ತಂದು ದಿನಾಲು ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾದೀತು, ಮೂತ್ರಪಿಂಡ ಕೆಟ್ಟೀತು. ಬರೆ ಹಾಕಿಸುವುದು, ಕಾಲು ಮುಂದಾಗಿ ಹುಟ್ಟಿದವರಿಂದ ತುಳಿಸಿಕೊಳ್ಳುವುದು ಬೇಡವೇ ಬೇಡ. ಬಹುತೇಕ ಟೊಂಕ ನೋವು ಆರು ವಾರಗಳೊಳಗೆ ಇಳಿಯುತ್ತದೆ. ಕಾಲಿಗೆ ಇಳಿದ ನೋವೂ ಹೆಚ್ಚಿನವರಿಗೆ ಮೂರು ತಿಂಗಳಲ್ಲಿ ತಗ್ಗುತ್ತದೆ. ಹೊರಚಾಚಿದ ತಿರುಳು ಎಷ್ಟೋ ಸಲ ತಾನಾಗಿಯೇ ಕುಗ್ಗುತ್ತದೆ.

ಶಸ್ತ್ರಕ್ರಿಯೆಯ ಮಾತು ಬಂದರೆ, ಅದು ಮುಖ್ಯವಾಗಿ ಕಾಲಿಗೆ ಇಳಿದು ತಗ್ಗದ ನೋವಿಗೆ. ಬರೀ ಟೊಂಕ ನೋವಿಗೆ ಅದರ ಪ್ರಯೋಜನ ಕಡಿಮೆ. ನೆದರ್ಲೆಂಡಿನಲ್ಲಿ ಇಂಥ ಕಾಲುನೋವಿನ ರೋಗಿಗಳನ್ನು ಎರಡು ಗುಂಪು ಮಾಡಿ ನೋಡಿದರು. ಅದರ ಫಲ 2007ರಲ್ಲಿ ಪ್ರಕಟವಾಯಿತು. ಬೇಗ ಶಸ್ತ್ರಕ್ರಿಯೆ ಆದವರ ನೋವು ಬೇಗ ಇಳಿಯಿತು. ವರುಷದ ಕೊನೆಗೆ ಎರಡೂ ಗುಂಪು ಹೆಚ್ಚುಕಡಿಮೆ ಒಂದೇ ಆಗಿದ್ದವು. ಆದುದರಿಂದ ವೈದ್ಯರನ್ನು ಕೇಳಿ, ಇನ್ನೊಬ್ಬರ ಸಲಹೆಯನ್ನೂ ಪಡೆದು ನಿಧಾನವಾಗಿ ನಿರ್ಧರಿಸಲು ಅವಕಾಶವಿದೆ.

ಆದರೆ ಕೆಲವು ಲಕ್ಷಣಗಳಿಗೆ ನಿಧಾನ ಸಲ್ಲದು. ಮೂತ್ರ ಕಟ್ಟಿದರೆ ಅಥವಾ ಅರಿವಿಲ್ಲದೆ ಹೋದರೆ, ಗುದದ ಸುತ್ತ ಜೋಮು ಹಿಡಿದರೆ, ಪಾದ ಎತ್ತಲಾಗದೆ ಜೋತುಬಿದ್ದರೆ, ರಾತ್ರಿಯಾದರೂ ಸರಿ, ಅಂದೇ ದೊಡ್ಡ ಆಸ್ಪತ್ರೆಗೆ ಹೋಗಬೇಕು. ತಡವಾದರೆ ಊನ ಶಾಶ್ವತವಾದೀತು. ಟೊಂಕ ನೋವಿನ ಸಂಗಡ ಜ್ವರ ಬಂದು ಮೈ ಇಳಿಯುತ್ತಿದ್ದರೆ ಬೆನ್ನೆಲುಬಿನ ಕ್ಷಯವಿರಬಹುದು. ಕ್ಷಯಕ್ಕೆ ಸರಕಾರಿ ಆಸ್ಪತ್ರೆಯಲ್ಲಿ ಔಷಧ ಪುಕ್ಕಟೆ.

ಇನ್ನು ಮುಂಜಾಗ್ರತೆ. ಚೀಲವನ್ನು ಇಬ್ಬರು ಕೂಡಿ ಎತ್ತಿರಿ. ಟೊಂಕ ಬಗ್ಗಿಸದೆ ಮೊಣಕಾಲು ಮಡಚಿ, ಭಾರವನ್ನು ಮೈಗೆ ಹತ್ತಿರ ಹಿಡಿದು ಏಳಿರಿ. ಎತ್ತುವಾಗ ಮೈ ತಿರುವಬೇಡಿರಿ. ಜೋಳ ಕೀಳುವಾಗ ಆಗಾಗ ನೆಟ್ಟಗೆ ನಿಂತು, ನಡುನಡುವೆ ತೆನೆ ಮುರಿಯುವ ಕೆಲಸಕ್ಕೆ ಕುಳಿತುಕೊಳ್ಳಿರಿ. ಎತ್ತಿನ ಹೆಗಲು ನೋಡಿ ನೊಗ ಹೂಡುವ ನಾವು, ನಮ್ಮ ಟೊಂಕ ನೋಡಿ ಭಾರ ಎತ್ತುವುದನ್ನೂ ಕಲಿಯಬೇಕು.